ಉಳಿದ ಅರ್ಧ ಕ್ಯಾಸೆಟ್ಟು

ಬ್ಯಾಡಗಿಯಿಂದ ವಿಸಿಆರ್ ರಿಪೇರಿಗೆ ಕರೆ ಬಂತೆಂದರೆ ಒಳಗೆ ಮೆಣಸಿನಕಾಯಿ ಧೂಳು ಕೂತಿದೆ ಎಂದೇ ಲೆಕ್ಕ. ಜುಲೇಖಾಬಾನು ಅವರ ಮನೆಯಲ್ಲಿ ಸೀನುತ್ತಲೇ ಒರೆಸಿ, ದುಬೈನಲ್ಲಿದ್ದ ಅವರ ಗಂಡ ಟಿವಿಯಿಂದ ರೆಕಾರ್ಡ್ ಮಾಡಿ ಕಳಿಸಿದ್ದ ಕ್ಯಾಸೆಟ್ ಹಾಕಿದೆ. ಇಂಗ್ಲೆಂಡಿನ ಧಾರಾವಾಹಿ; ನೀಲಿ ಪೆಟ್ಟಿಗೆಯೊಂದರಲ್ಲಿ ಕಾಲದಲ್ಲಿ ಹಿಂದೆ ಮುಂದೆ ತಿರುಗುವವನ ಕಥೆ. ಪರೀಕ್ಷೆಗೆ ಎರಡು ನಿಮಿಷ ಸಾಕಿತ್ತು, ಆದರೆ ಏಳಲಾಗಲಿಲ್ಲ. ಸಾಯುತ್ತಿದ್ದ ಆ ನಾಯಕನ ಮುಖ ಬೇರೊಬ್ಬನ ಮುಖವಾಗತೊಡಗಿದಾಗಲೇ ಟೇಪು ಮುಗಿಯಿತು.

“ಮುಂದೇನಾತ್ರಿ?”

“ನನಗೇನ ಗೊತ್ರಿ ಅಣ್ಣಾರ? ಉಳಿದದ್ದು ತಾವು ಬರೂಮುಂದ ತರ್ತೀನಿ ಅಂದಾರ.”

“ಯಾವಾಗ ಬರ್ತಾರ?”

“ರಮಜಾನ್ ಹಬ್ಬಕ್ಕಂತ. ಪ್ರತಿ ವರ್ಷ ಹಂಗ ಅಂತಾರ,” ಎಂದು ವಿಸಿಆರ್ ಮೇಲೆ ಬಟ್ಟೆ ಹೊದಿಸಿದರು.

ಅಂದಿನಿಂದ ಹಬ್ಬದ ಚಂದ್ರನನ್ನು ನಾನೂ ಹುಡುಕುತ್ತಿದ್ದೆ. ಇನ್ನೊಬ್ಬರ ಗಂಡನಿಗಾಗಿ ಇಷ್ಟು ಹಂಬಲಿಸಿದ ಗಂಡಸು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.