ಬಳೆಯಷ್ಟು ಹಕ್ಕರಕಿ

ನನ್ನ ಅತ್ತೆಯವರ ಎದೆಯೊಳಗೆ ಲೋಹದ ಕವಾಟವೊಂದು ಟಿಕ್‌ಟಿಕ್ ಎನ್ನುತ್ತದೆ. ಪಕ್ಕ ಕುಳಿತವರಿಗೂ ಕೇಳುತ್ತದೆ. ಅವರಿಗೋ ಅದೊಂದು ಹೆಮ್ಮೆ. ಇಬ್ರಾಹಿಂಪುರದ ನಮ್ಮ ಓಣಿಯ ಹೆಂಗಸರನ್ನೆಲ್ಲ ಕರೆದು ಕೇಳಿಸಿದ್ದಾರೆ. ಆದರೆ ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು. ಅದಕ್ಕೇ ದಿನಾ ಸಂಜೆ ಗುಳಿಗೆ, ಆಗಾಗ ರಕ್ತಪರೀಕ್ಷೆ. ಎರಡೂ ನನ್ನ ಉಸ್ತುವಾರಿ.

ಚಳಿಗಾಲ ಬಂದದ್ದೇ ಪರೀಕ್ಷೆಯ ಫಲ ಹಾದಿ ತಪ್ಪಿತು. ಅತ್ತೆ ಹೊನವಾಡದ ನಮ್ಮ ಹೊಲಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದಾಗಲೆಲ್ಲ, ರಕ್ತ ಬೇಗ ಹೆಪ್ಪುಗಟ್ಟುತ್ತಿದೆ ಎಂದು ಡಾಕ್ಟರು ಹುಬ್ಬು ಗಂಟಿಕ್ಕುತ್ತಿದ್ದರು. ಹಸಿರು ಪಲ್ಯ ಹೆಚ್ಚು ತಿನ್ನುತ್ತಾರಾ ಎಂದು ಕೇಳಿದರು. ಇಬ್ಬರೂ ಒಂದೇ ಬಾಯಲ್ಲಿ ಇಲ್ಲವೆಂದೆವು.

"ಗುಳಿಗಿ ನುಂಗತೀರೋ, ಹೊಲದಾಗ ಉಗುಳತೀರೋ?" ಎಂದೆ ಮನೆಗೆ ಬಂದು.

"ನಾ ಏನ್ ಸಣ್ಣ ಕೂಸೇನ?" ಎಂದು ಅತ್ತೆ ಮುಖ ತಿರುಗಿಸಿದರು.

ಪತ್ತೇದಾರಿಕೆಗೆಂದೇ ಮುಂದಿನ ಸಲ ತಿಕೋಟಾ ಮಾರ್ಗದ ಬಸ್ಸು ಹತ್ತಿ ಹೊಲಕ್ಕೆ ಜೊತೆಗೇ ಹೋದೆ. ಮಧ್ಯಾಹ್ನ ಹೊಲದ ಬದುವಿನ ಮೇಲೆ ಊಟ. ಜೋಳದ ರೊಟ್ಟಿ, ಮಡಿಕಿ ಕಾಳು, ಶೇಂಗಾ ಚಟ್ನಿ. ಅತ್ತೆಯ ಎಡಗೈ ಮಾತ್ರ ಸುಮ್ಮನಿರಲಿಲ್ಲ. ಜೋಳದ ಸಾಲಿನಲ್ಲಿ ತಾನಾಗಿ ಬೆಳೆದ ಹಕ್ಕರಕಿ ಸೊಪ್ಪನ್ನು ಕೀಳುವುದು, ಸೆರಗಿಗೆ ಒರೆಸುವುದು, ಹಸಿಯಾಗಿಯೇ ಬಾಯಿಗೆ ಹಾಕುವುದು. ರೊಟ್ಟಿ ಮುಗಿಯುವಷ್ಟರಲ್ಲಿ ಪಕ್ಕದ ನೆಲ ಬೋಳಾಗಿತ್ತು.

"ಇದೇನ್ರಿ ಅತ್ಯಾರ!"

"ಇದೇನ್ ಊಟಾನ? ರೊಟ್ಟಿ ಕೂಡ ಬಾಯಾಡಸೂದು."

ಬೈಯಲು ಹೋದವಳಿಗೆ ಆಗಲೇ ಹೊಳೆಯಿತು. ಒಲೆ ಏರದ ಹಕ್ಕರಕಿಯನ್ನು ನಮ್ಮ ಕಡೆ ಯಾರೂ ಪಲ್ಯವೆಂದು ಎಣಿಸುವುದಿಲ್ಲ. ಡಾಕ್ಟರ ಮುಂದೆ ನನಗೂ ಅದು ನೆನಪಾಗಿರಲಿಲ್ಲ.

ವಿಷಯ ಕೇಳಿ ಡಾಕ್ಟರು ನಕ್ಕರು. ರಕ್ತದ ನೀರಿನಲ್ಲಿ ಪ್ರೋಥ್ರಾಂಬಿನ್ ಎಂಬ ಪ್ರೋಟೀನು ಇರುತ್ತದಂತೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿ ನಿಲ್ಲಲು ಅದು ಬೇಕು. ಅದನ್ನು ಸಿದ್ಧಮಾಡುವ ಯಕೃತ್ತಿಗೆ ಹಸಿರೆಲೆಗಳಲ್ಲಿರುವ ಕೆ ವಿಟಮಿನ್ ಬೇಕು. ಅತ್ತೆಯ ಗುಳಿಗೆ ಆ ಕೆಲಸವನ್ನು ಹಿಂದಕ್ಕೆಳೆದರೆ ಹಕ್ಕರಕಿ ಮುಂದಕ್ಕೆ ತಳ್ಳುತ್ತಿತ್ತು.

"ಪೂರ್ತಿ ಬಿಡಬ್ಯಾಡ್ರಿ. ದಿನಾ ಒಂದು ಹಿಡಿ, ಅಷ್ಟ ತಿನ್ರಿ. ಅದಕ್ಕ ತಕ್ಕಂಗ ಗುಳಿಗಿ ಹೊಂದಸ್ತೀನಿ," ಎಂದರು.

ಯಾರ ಹಿಡಿ? ಮನೆ ಸೇರುವ ಮೊದಲೇ ಆಟೋದಲ್ಲಿ ಜಗಳ ಶುರುವಾಯಿತು. ಅತ್ತೆಯ ಅಂಗೈ ರೊಟ್ಟಿ ಬಡಿದು ಬಡಿದು ಮೊರದಷ್ಟಾಗಿದೆ. ಕೊನೆಗೆ ನನ್ನ ಹಿಡಿಯೇ ಎಂದಾಯಿತು. ದಿನಾ ನಾನು ಹಿಡಿದು ತಟ್ಟೆಗೆ ಹಾಕುವೆ, ದಿನಾ ಅವರು "ಜಿಪುಣಿ" ಎನ್ನುವರು.

ಅಷ್ಟರಲ್ಲಿ ನಾನು ಬಬಲೇಶ್ವರದ ತವರಿಗೆ ಒಂದು ವಾರ ಹೋಗಬೇಕಾಗಿ ಬಂತು. ಅಲ್ಲಿ ಊಟ ಸೇರಲಿಲ್ಲ. ಕಾವಲಿಲ್ಲದ ಅತ್ತೆ ಬುಟ್ಟಿಗಟ್ಟಲೆ ಮೇಯ್ದು, ಕವಾಟ ಕಟ್ಟಿಬಿಟ್ಟರೆ ಎಂಬ ಹೆದರಿಕೆ. ಮರಳಿ ಬಂದವಳೇ ಅವರನ್ನು ಪರೀಕ್ಷೆಗೆ ಎಳೆದೊಯ್ದೆ. ಎಲ್ಲ ಸರಿಯಾಗಿತ್ತು! ನಂಬಿಕೆಯಾಗದೆ ಮನೆಗೆ ಬಂದು ಅಡುಗೆಮನೆ ಜಾಲಾಡಿದೆ. ಹಕ್ಕರಕಿಯ ಬುಟ್ಟಿಯಲ್ಲಿ ನಾನು ಬಿಟ್ಟುಹೋಗಿದ್ದ ಹಸಿರು ಗಾಜಿನ ಬಳೆ ಸಿಕ್ಕಿತು.

"ನಿನ್ನ ಕೈ ಹಿಡಸೂ ಬಳಿ ಅಲ್ಲೇನ ಅದು?" ಎಂದರು ಅತ್ತೆ. "ಅದರಾಗ ಹಿಡಸೂ ಅಷ್ಟ, ಅಂದ್ರ ನಿನ್ನ ಹಿಡಿಯಷ್ಟ, ದಿನಾ ತಿಂದೀನಿ. ಒಂದ್ ಎಲಿ ಹೆಚ್ಚಿಲ್ಲ. ನೀ ಬರೂದ್ರಾಗ ನಾ ಸತ್ರ, ಪಾಪ, ಯಾರ ಕೂಡ ಜಗಳಾಡ್ತಿ?"

ನನಗೆ ಅಳುವೂ ಬಂತು, ನಗುವೂ ಬಂತು. ಆ ಬಳೆಯನ್ನು ಮತ್ತೆ ಕೈಗೆ ಏರಿಸಿಲ್ಲ. ಅತ್ತೆಯ ಗುಳಿಗೆ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದೇನೆ.