ಬಿಚ್ಚದೆ ಉಳಿದ ಮಡಿಕೆ

ರಾತ್ರಿ ಇನ್ನೂ ಪೂರ್ತಿ ಕಳೆದಿಲ್ಲ. ಪಟ್ಟಂ ಬಡಾವಣೆಯ ಓಣಿಯೊಂದರ ಮಹಡಿ ಕೋಣೆಯಲ್ಲಿ ಸಣ್ಣ ಸದ್ದು: ಟಿಕ್. ಸ್ವಲ್ಪ ಬಿಡುವು, ಮತ್ತೆ ಟಿಕ್. ಜಲಜಾ ಬ್ಲೇಡಿನ ತುದಿಯಿಂದ ಪುಟ್ಟ ಫ್ರಾಕೊಂದರ ಹೊಲಿಗೆ ಬಿಚ್ಚುತ್ತಿದ್ದಾರೆ. ಬೆಳಕಾದ ಮೇಲೆ ಇದನ್ನು ಒಯ್ಯಲು ಒಂದು ಮಗುವಿನ ಮನೆಯವರು ಬರುತ್ತಾರೆ.

ಕಾಸರಗೋಡಿನ ಜಲಜಾ ಗಂಡನ ಕೆಲಸದ ಬೆನ್ನಿಗೆ ತಿರುವನಂತಪುರಕ್ಕೆ ಬಂದವರು. ಗಂಡ ತೀರಿಕೊಂಡ ಮೇಲೂ ಹೊಲಿಗೆ ಯಂತ್ರ ಅವರನ್ನು ಇಲ್ಲೇ ಉಳಿಸಿದೆ. ವರ್ಗವಾಗಿ ಬರುವ ಕನ್ನಡದ ಕುಟುಂಬಗಳ ಮಕ್ಕಳಿಗೆ ಅವರು ಹೊಲಿಯುವ ಬಟ್ಟೆಯ ಒಳಗೆ ಮೂರು ಮಡಿಕೆಗಳಿರುತ್ತವೆ. ವರ್ಷಕ್ಕೊಂದು ಬಿಚ್ಚಿದರೆ ಹೊಸ ಬಟ್ಟೆಯ ಖರ್ಚು ಉಳಿಯುತ್ತದೆ. ಮೂರೂ ಮುಗಿದ ಬಟ್ಟೆ ಇವರಲ್ಲಿಗೇ ಮರಳಿ, ಗುಂಡಿ ಬದಲಿಸಿಕೊಂಡು ಇನ್ನೊಂದು ಮಗುವಿನ ಮೈ ಸೇರುತ್ತದೆ. ಕೆಲವು ಬಸ್ಸೇರಿ ಕೊಚ್ಚಿಯ ವೈಟ್ಟಿಲದವರೆಗೂ ಹೋಗುತ್ತವೆ.

ಹಿಂದಿನ ಸಂಜೆ ಮಂದಾಕಿನಿ ಎಂಬವರು ಮಗಳು ಸಮೀಕ್ಷಾಳನ್ನು ಅಳತೆಗೆ ಕರೆತಂದಿದ್ದರು.

"ಜಲಜಕ್ಕ, ಈ ಲಂಗ ಮೂರು ವರ್ಷ ಬರಬೇಕು."

"ಬಟ್ಟೆ ಬರ್ತದೆ. ನಿಮ್ಮ ಮಗಳು ಗೇಟು ಹತ್ತುವುದು ಬಿಡ್ತಾಳಾ ಕೇಳಿ."

"ಇಲ್ಲ ಚೇಚೀ," ಎಂದಳು ಹುಡುಗಿ, ಮಲಯಾಳದಲ್ಲಿ ಅಕ್ಕ ಎಂದು ಕರೆದು.

ಅವಳೂ ಒಂದು ದಿನ ಹೋಗುವವಳೇ. ವರ್ಗವಾದವರು ಬಟ್ಟೆ ಬಿಟ್ಟು ಹೋಗುತ್ತಾರೆ, ಮತ್ತೆ ಫೋನು ಮಾಡುವುದಿಲ್ಲ. "ಮಕ್ಕಳ ಭುಜದ ಅಳತೆ ನೆನಪುಂಟು," ಎನ್ನುತ್ತಾರೆ ಜಲಜಾ. "ಮುಖ ಈಗ ಹೇಗುಂಟೋ ಗೊತ್ತಿಲ್ಲ."

ಇವರ ಬಗ್ಗೆ ಬರೆಯಲೆಂದು ಬಂದ ನಾನು ಕೈಯಲ್ಲಿರುವ ಫ್ರಾಕಿನ ಬಗ್ಗೆ ಕೇಳಿದರೆ ಬ್ಲೇಡು ನಿಲ್ಲುತ್ತದೆ.

"ಒಬ್ಬರು ತಾಯಿ ತಂದದ್ದು. ಒಂದೇ ಮಡಿಕೆ ಬಿಚ್ಚಿತ್ತು. ಇನ್ನೆರಡು ಉಂಟಲ್ಲ, ಈಗಲೇ ಯಾಕೆ ಕೊಡ್ತೀರಿ ಅಂತ ಕೇಳಿಬಿಟ್ಟೆ. 'ಅವಳಿಲ್ಲ ಅಕ್ಕ' ಅಂದರು. ಜ್ವರ ಅಂತೆ. 'ಯಾವುದಾದರೂ ಮಗು ಹಾಕಿಕೊಂಡು ಓಡಾಡಲಿ' ಅಂದರು."

ತೀರಿಹೋದ ಮಗುವಿನ ಬಟ್ಟೆಯನ್ನು ಗೊತ್ತಿದ್ದೂ ತಮ್ಮ ಮಗುವಿಗೆ ತೊಡಿಸುವವರು ಕಡಿಮೆ. ಹೇಳಿದರೆ ಫ್ರಾಕು ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಆ ತಾಯಿಯ ಮಾತೂ ನಡೆಯದೆ ಉಳಿಯುತ್ತದೆ. ಒಯ್ಯುವವರಿಗೆ ಹೇಳದಿರುವುದು ಸರಿಯೇ ಎಂದು ನನಗೆ ಕೇಳಬೇಕೆನಿಸುತ್ತದೆ.

ತೊಡಲಿರುವ ಮಗು ತುಸು ಎತ್ತರ. ಜಲಜಾ ಎರಡನೆಯ ಮಡಿಕೆಯನ್ನೂ ಬಿಚ್ಚಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಎಳೆಯುತ್ತಾರೆ. ಗೆರೆ ಹೋಗುವುದಿಲ್ಲ. ಇನ್ನೊಮ್ಮೆ ಎಳೆಯುತ್ತಾರೆ. ಕೊನೆಗೆ ಅದರ ಮೇಲೊಂದು ತೆಳು ಲೇಸು ಕೂರಿಸುತ್ತಾರೆ. ಮೂರನೆಯ ಮಡಿಕೆ ಹಾಗೇ ಇದೆ.

ಕೆಳಗೆ ಆಟೋ ನಿಂತ ಸದ್ದು. ಫ್ರಾಕನ್ನು ಮಡಚಿ ಕಾಗದದಲ್ಲಿ ಸುತ್ತುತ್ತಾರೆ.

"ಯಾರದ್ದು, ಯಾರಿಗೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಿಮಗೂ ಇಲ್ಲ. ಬರೆಯುವುದಾದರೆ ಬರೀರಿ," ಎನ್ನುತ್ತಾ ಮೆಟ್ಟಿಲಿನತ್ತ ನಡೆಯುತ್ತಾರೆ. "ಬಣ್ಣ ಮಾತ್ರ ಬರೀಬೇಡಿ."