ಏನೂ ಬೆಳೆಯದ ತಟ್ಟೆ

ನೆಂಟರ ಬಾಯಲ್ಲಿ ಅವಳು ‘ಹುಳದ ಡಾಕ್ಟರು’. ರೋಗಿಗಳ ಕಫ, ಕೀವು, ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಯಾವುದು, ಅದು ಯಾವ ಔಷಧಿಗೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ಆಸ್ಪತ್ರೆಯ ಲ್ಯಾಬಿನಲ್ಲಿ ಪತ್ತೆ ಮಾಡುವುದು ಅವಳ ಕೆಲಸ. ಔಷಧಿ ಬರೆದುಕೊಡುವವಳಲ್ಲ, ಆಪರೇಷನ್ ಮಾಡುವವಳಲ್ಲ. ಹಾಗಾಗಿ ಮನೆಯವರ ಪಾಲಿಗೆ ಅವಳದು ಅರ್ಧ ಡಾಕ್ಟರಿಕೆ, ಅಡುಗೆಮನೆ ಮಾತ್ರ ಪೂರ್ತಿ.

ಮೂರು ವರ್ಷದಿಂದ ಅವಳು ಒಂದು ಸಂಶೋಧನೆಯ ಬೆನ್ನು ಹತ್ತಿದ್ದಳು. ಸ್ಯಾಂಪಲ್ ಕೊಡುವ ಮೊದಲೇ ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ನುಂಗಿ ಬರುವುದರಿಂದ ಎಷ್ಟು ರೋಗಾಣುಗಳು ಗುರುತು ಸಿಗದೆ ತಪ್ಪಿಸಿಕೊಳ್ಳುತ್ತವೆ, ಔಷಧಿಗೆ ಎಷ್ಟು ಒಗ್ಗಿಹೋಗುತ್ತವೆ ಎಂಬುದು ಅದರ ವಿಷಯ. ರೋಗಿಗಳ ವಿವರ ತುಂಬಿಸುವ ಅವಳ ನಮೂನೆಯಲ್ಲಿ ಒಂದು ಪ್ರಶ್ನೆಯಿತ್ತು: ಮಾತ್ರೆ ಕೊಟ್ಟವರು ಯಾರು? ಹೆಂಡತಿ, ತಾಯಿ, ಸೊಸೆ ಎಂದೇ ಉತ್ತರ ತುಂಬಿ ಬರುತ್ತಿತ್ತು.

“ಹೆಂಗಸರಿಗೆ ತಿಳುವಳಿಕೆ ಸಾಲದು ಅಂತ ಬರೆದುಬಿಡಿ, ಪೇಪರ್ ಮುಗೀತು,” ಎಂದಿದ್ದರು ವಿಭಾಗದ ಮುಖ್ಯಸ್ಥರು.

ಅವಳಿಗೆ ಮೈ ಉರಿದಿತ್ತು. ಮನೆಮಂದಿಯ ಜ್ವರ, ವಾಂತಿ, ಗಾಯವೆಲ್ಲ ಹೆಂಗಸರ ಕೈಗೇ ಬರುವಾಗ ಮಾತ್ರೆ ಇನ್ಯಾರ ಕೈಯಿಂದ ಹೋಗಬೇಕು?

ಆ ಸೋಮವಾರ ಅತ್ತೆಗೆ ಉರಿಮೂತ್ರ, ಜ್ವರ. ಸಕ್ಕರೆ ಕಾಯಿಲೆಯ ಮುದುಕಿ. ಸೋಂಕು ಕಿಡ್ನಿಗೆ ಏರಿದರೆ ಕಷ್ಟ. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅತ್ತೆಯನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ದು, ಶುದ್ಧ ಬಾಟಲಿಯಲ್ಲಿ ಮೂತ್ರ ಹಿಡಿದಳು. ಅಷ್ಟರಲ್ಲಿ ಹಾಲು ಉಕ್ಕಿತು.

“ಹಾಲು ಉಕ್ತಾ ಇದೆ ನೋಡೇ,” ಎಂದ ಗಂಡ, ಒಲೆಯ ಪಕ್ಕದಲ್ಲೇ ನಿಂತು.

ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕೀವಿನ ಕಣಗಳು ಕಿಕ್ಕಿರಿದಿದ್ದವು. ನಡುವೆ ಕಡ್ಡಿಯಂಥ ಬ್ಯಾಕ್ಟೀರಿಯಾಗಳೂ ಕಂಡವು. ಬ್ಯಾಕ್ಟೀರಿಯಾ ಬೆಳೆಸುವ ಪುಟ್ಟ ತಟ್ಟೆಗೆ ಒಂದು ಹನಿ ಬಳಿದು, ಬೆಚ್ಚಗಿಡುವ ಇನ್‌ಕ್ಯುಬೇಟರಿನಲ್ಲಿ ಇಟ್ಟಳು. ಆದರೆ ಮರುದಿನ ತೆರೆದರೆ ತಟ್ಟೆಯ ಮೇಲೆ ಏನೂ ಬೆಳೆದಿರಲಿಲ್ಲ. ಯಂತ್ರದ ಶಾಖ ನೋಡಿದಳು, ಸರಿಯಿತ್ತು. ಪಕ್ಕದ ತಟ್ಟೆಗಳಲ್ಲಿ ಬೇರೆಯವರ ಬ್ಯಾಕ್ಟೀರಿಯಾಗಳು ಸೊಗಸಾಗಿ ಹಬ್ಬಿದ್ದವು. ತನ್ನ ಕೈಯೇ ಎಲ್ಲೋ ತಪ್ಪಿತೆಂದು ದಿನವಿಡೀ ತನ್ನನ್ನೇ ಬೈದುಕೊಂಡಳು.

ಸಂಜೆ ಅತ್ತೆಯ ದಿಂಬು ಸರಿಪಡಿಸುವಾಗ ಖಾಲಿ ಮಾತ್ರೆಪಟ್ಟಿ ಕೈಗೆ ಸಿಕ್ಕಿತು. ಹೋದ ವರ್ಷ ಗಂಡ ಗಂಟಲುನೋವಿಗೆ ತಂದು, ಎರಡು ನುಂಗಿ ಬಿಟ್ಟಿದ್ದ ಆಂಟಿಬಯಾಟಿಕ್.

“ಅತ್ತೆ, ಇದನ್ನ ಯಾರು ಕೊಟ್ರು?”

“ನಿನ್ ಗಂಡನೇ ಕಣೆ. ಭಾನುವಾರ ರಾತ್ರಿಯಿಂದ ನಾಲ್ಕು ನುಂಗಿಸಿದ. ಅವಳಿಗೆ ಹೇಳ್ಬೇಡ, ಬೈತಾಳೆ ಅಂದ.”

ಗಂಡ ಬಾಗಿಲಲ್ಲಿ ನಿಂತಿದ್ದ. “ನೀನು ನಿದ್ದೆ ಮಾಡ್ತಿದ್ದೆ. ಪಾಪ, ಯಾಕೆ ಎಬ್ಬಿಸೋದು ಅಂತ ನಾನೇ ಕೊಟ್ಟೆ. ಜ್ವರ ಇಳೀತಲ್ಲ?”

ಹದಿನೆಂಟು ವರ್ಷದ ಸಂಸಾರದಲ್ಲಿ ಅವನು ಯಾರೂ ಹೇಳದೆ ತಾನಾಗಿ ಮಾಡಿದ ಮನೆಗೆಲಸ ಇದೊಂದೇ.

“ಇಳೀಲಿಲ್ಲ, ಅಡಗಿ ಕೂತಿದೆ,” ಎಂದಳು. “ಮೂತ್ರದಲ್ಲಿ ನಿಮ್ಮ ಮಾತ್ರೆ ಇತ್ತು. ಅದಕ್ಕೇ ನನ್ನ ತಟ್ಟೆಲಿ ಏನೂ ಬೆಳೀಲಿಲ್ಲ. ಈಗ ಯಾವ ಔಷಧಿ ಕೊಡೋದು ಅಂತ ಯಾರಿಗೂ ಗೊತ್ತಿಲ್ಲ.”

“ಮನೇಲೇ ಡಾಕ್ಟರ್ ಇದ್ದೂ ಇಷ್ಟು ಗೋಳಾ?”

ಅವಳು ಹಿಟ್ಟು ನಾದಿಕೊಳ್ಳಲು ಹೋದಳು. ಅದು ಆ ದಿನ ಬಹಳ ಮೆತ್ತಗಾಯಿತು.

ಗುರುವಾರ ಜ್ವರ ಮರಳಿತು, ಈ ಸಲ ನಡುಕದೊಂದಿಗೆ. ಅವಳು ಮತ್ತೆ ಮೂತ್ರ ಹಿಡಿದಳು. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಪರೀಕ್ಷಿಸಿ, ವರದಿ ಬರುವವರೆಗೆ ಇರಲಿ ಎಂದು ಒಂದು ಆಂಟಿಬಯಾಟಿಕ್ ಇಂಜೆಕ್ಷನ್ ಶುರು ಮಾಡಿದರು. ಶುಕ್ರವಾರ ತಟ್ಟೆಯ ತುಂಬ ಗುಲಾಬಿ ಬಣ್ಣದ ಚುಕ್ಕೆಗಳು. ಗುರುತು ಸಿಕ್ಕಿತು. ಹೊಸ ತಟ್ಟೆಗೆ ಅದನ್ನು ಬಳಿದು, ಒಂದೊಂದು ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆ ಇಟ್ಟಳು; ಔಷಧಿ ಕೊಲ್ಲುವುದಾದರೆ ಅದರ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಖಾಲಿ ವೃತ್ತ ಉಳಿಯುತ್ತದೆ. ಶನಿವಾರ ನೋಡಿದರೆ ಹೆಚ್ಚಿನ ಬಿಲ್ಲೆಗಳ ಅಂಚಿನವರೆಗೂ ಬ್ಯಾಕ್ಟೀರಿಯಾ ಮುತ್ತಿಕೊಂಡಿತ್ತು. ಡಾಕ್ಟರು ಶುರು ಮಾಡಿದ್ದ ಇಂಜೆಕ್ಷನ್ನಿನ ಬಿಲ್ಲೆಯನ್ನೂ ಬಿಟ್ಟಿರಲಿಲ್ಲ. ಗಂಡ ಕೊಟ್ಟ ಮಾತ್ರೆಯ ಬಿಲ್ಲೆಯ ಸುತ್ತ ಇಷ್ಟೇ ಇಷ್ಟು ಖಾಲಿ ಜಾಗ: ಬಾಯಿ ಮುಚ್ಚಿಸುವಷ್ಟು, ಕೊಲ್ಲುವಷ್ಟಲ್ಲ. ಒಂದೇ ಒಂದು ಬಿಲ್ಲೆಯ ಸುತ್ತ ಅಗಲವಾದ ವೃತ್ತ ಬಿಟ್ಟಿತ್ತು. ಸ್ಕೇಲಿಟ್ಟು ಎರಡು ಸಲ ಅಳೆದಳು. ಅದೂ ಇಂಜೆಕ್ಷನ್ನೇ, ದಿನಕ್ಕೆರಡು, ಹತ್ತು ದಿನ, ಆಸ್ಪತ್ರೆಗೆ ಹೋಗಿಯೇ ಹಾಕಿಸಬೇಕು. ಡಾಕ್ಟರು ವರದಿ ನೋಡಿ ಅದನ್ನೇ ಬರೆದುಕೊಟ್ಟರು.

ನಮೂನೆ ತೆಗೆದು ಅತ್ತೆಯ ವಿವರ ತುಂಬಿದಳು. ಮಾತ್ರೆ ಕೊಟ್ಟವರು ಯಾರು? ‘ಮಗ.’ ಪೆನ್ನು ಒತ್ತಿದ್ದಕ್ಕೆ ಅಕ್ಷರ ಕೆಳಗಿನ ಹಾಳೆಯಲ್ಲೂ ಮೂಡಿತು.

ಮನೆಯಲ್ಲಿ ಚೀಟಿ ನೋಡಿ ಗಂಡ ನಿರಾಳನಾದ. “ಹೇಗೂ ನಿನ್ ಆಸ್ಪತ್ರೆನೇ. ಹೋಗ್ತಾ ಬರ್ತಾ ಕರ್ಕೊಂಡ್ ಹೋದ್ರಾಯ್ತು.”

“ನನ್ನ ಕೆಲಸ ಗುರುತು ಹಿಡಿಯೋದು. ಹಿಡಿದಾಯ್ತು.” ಅವಳು ಚೀಟಿಯನ್ನು ಅವನ ಜೇಬಿಗೆ ಹಾಕಿದಳು. “ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಒಂದು ಹೊತ್ತೂ ತಪ್ಪಬಾರದು. ಇವತ್ತಿಂದಲೇ.”

“ಮೀಟಿಂಗ್ ಇದ್ರೆ?”

“ನಿಮ್ಮಮ್ಮನ್ನ ಕೇಳಿ.”

ಅತ್ತೆ ಆಗಲೇ ಗೋಡೆ ಹಿಡಿದು ಎದ್ದಿದ್ದರು. ಅವನು ಸ್ವಲ್ಪ ಹೊತ್ತು ಬಾಗಿಲ ಬಳಿ ತಡಕಾಡಿದ. “ಲೇ, ಅಮ್ಮನ ಚಪ್ಪಲಿ ಎಲ್ಲಿರುತ್ತೆ?”

ಅವಳ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ತುಟಿ ಬಿಗಿಹಿಡಿದು, ತೊಳೆದ ಪಾತ್ರೆ ಒರೆಸತೊಡಗಿದಳು.

“ನನ್ನ ಕಾಲಲ್ಲೇ ಇದೆ ನೋಡೋ,” ಎಂದರು ಅತ್ತೆ. “ನಡಿ.”